ಬೆಳಕನ್ನು ಆಚೆ ಹಾಕುವ ವಿದ್ಯೆ

ಆಷಾಢದ ಗಾಳಿ ಎದ್ದ ಮಧ್ಯಾಹ್ನ. ಊರಾಚೆಯ ಬಯಲಲ್ಲಿ ಗಾಳಿಪಟದ ಹುಡುಗರ ದಂಡು. ಮೇಲೇರಿದ ಪಟವೊಂದು ಸರಕ್ಕನೆ ಸೂರ್ಯನ ಪಕ್ಕಕ್ಕೆ ಜಾರುತ್ತದೆ. ದಾರ ಕೈಯಲ್ಲೇ ಇದೆ, ಎಳೆದರೆ ಬಿಗಿಯೂ ಗೊತ್ತಾಗುತ್ತದೆ. ಪಟ ಮಾತ್ರ ಕಾಣದು. ಹುಡುಗ ಇನ್ನೊಂದು ಕೈ ಎತ್ತಿ ಅಂಗೈಯಿಂದ ಸೂರ್ಯನನ್ನು ಮುಚ್ಚುತ್ತಾನೆ. ಬಿಸಿಲಲ್ಲಿ ಕರಗಿಹೋಗಿದ್ದ ಪಟ ಬಾಲಂಗೋಚಿಯ ಸಮೇತ ಮತ್ತೆ ಪ್ರತ್ಯಕ್ಷ.

ದೂರದ ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳ ಫೋಟೊ ತೆಗೆಯಹೊರಟವರು ಮಾಡುತ್ತಿರುವುದೂ ಇದನ್ನೇ. ಅವರಿಗೆ ಬೇಕಾದ ಅಂಗೈ ಸಿದ್ಧವಾಗಲು ಶುರುವಾಗಿ ತೊಂಬತ್ತು ವರ್ಷ ದಾಟಿದೆ. ಕೆಲಸ ಇನ್ನೂ ಮುಗಿದಿಲ್ಲ.

ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರಗಳ ಸುತ್ತ ಇದುವರೆಗೆ ಆರು ಸಾವಿರಕ್ಕೂ ಹೆಚ್ಚು ಗ್ರಹಗಳು ಪತ್ತೆಯಾಗಿವೆ. ಅವುಗಳಲ್ಲಿ ಕ್ಯಾಮೆರಾಕ್ಕೆ ನೇರವಾಗಿ ಸಿಕ್ಕವು ನೂರನ್ನೂ ದಾಟುವುದಿಲ್ಲ. ಮಿಕ್ಕವೆಲ್ಲ ದಾರದ ಬಿಗಿಯಿಂದ ಗೊತ್ತಾದ ಪಟಗಳು. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ, 51 ಪೆಗಸಿ ಎಂಬ ನಕ್ಷತ್ರ ಸಣ್ಣಗೆ ಓಲಾಡುತ್ತಿರುವುದನ್ನು ಅಳೆದು, ಅದನ್ನು ಜಗ್ಗುತ್ತಿರುವ ಗ್ರಹವೊಂದು ಇದೆ ಎಂದರು. ಆ ಕೆಲಸಕ್ಕೆ 2019ರಲ್ಲಿ ನೊಬೆಲ್ ಬಂತು. ಗ್ರಹವನ್ನು ಮಾತ್ರ ಅವರೂ ನೋಡಿರಲಿಲ್ಲ. ಗ್ರಹ ಅಡ್ಡ ಹಾದಾಗ ನಕ್ಷತ್ರ ತುಸು ಮಂಕಾಗುವುದನ್ನು ಹಿಡಿಯುವುದು ಇನ್ನೊಂದು ದಾರಿ. ಹೆಚ್ಚಿನ ಗ್ರಹಗಳು ಸಿಕ್ಕಿರುವುದು ಹಾಗೆ.

ಹಾಗಾದರೆ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಬರುವ ಆ ನೀಲಿ ಕಡಲು, ಕೆಂಪು ಮೋಡ, ಉಂಗುರಗಳ ಗ್ರಹಗಳು? ಅವು ಕಲಾವಿದರು ಬರೆದುಕೊಟ್ಟವು. ನಿಜವಾದ ಫೋಟೊಗಳಲ್ಲಿ ಇರುವುದು ಒಂದು ಚುಕ್ಕೆ, ಹೆಚ್ಚೆಂದರೆ ನಾಲ್ಕು ಚುಕ್ಕೆ. ನನ್ನ ಮಟ್ಟಿಗೆ ಆ ಚುಕ್ಕೆಗಳ ಕಥೆಯೇ ಹೆಚ್ಚು ರೋಚಕ.

ಸಾವಿರ ಕೋಟಿಗೆ ಒಂದು

ನಮ್ಮ ಸೌರವ್ಯೂಹವನ್ನೇ ಹೊರಗಿನಿಂದ ಯಾರೋ ನೋಡುತ್ತಿದ್ದಾರೆ ಎಂದುಕೊಳ್ಳಿ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸೂರ್ಯ ಭೂಮಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಪ್ರಖರ. ಗುರುಗ್ರಹ ದೊಡ್ಡದಾದ್ದರಿಂದ ಅಂತರ ಕೊಂಚ ಇಳಿಯುತ್ತದೆ, ನೂರು ಕೋಟಿ ಪಟ್ಟು. ಅವಕೆಂಪು ಕಿರಣಗಳಲ್ಲಿ, ಅಂದರೆ ಗ್ರಹ ತನ್ನದೇ ಶಾಖದಿಂದ ಹೊಮ್ಮಿಸುವ ಬೆಳಕಿನಲ್ಲಿ ನೋಡಿದರೆ ಭೂಮಿಯ ಲೆಕ್ಕವೂ ಕೋಟಿಯ ಆಸುಪಾಸಿಗೆ ಬರುತ್ತದೆ.

ಪ್ರಖರತೆ ಒಂದು ಕಷ್ಟವಾದರೆ ಸಾಮೀಪ್ಯ ಇನ್ನೊಂದು. ಸುಮಾರು 33 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ಭೂಮಿ ಮತ್ತು ಸೂರ್ಯನ ನಡುವಿನ ಅಂತರ ಒಂದು ಡಿಗ್ರಿಯ ಮೂವತ್ತಾರು ಸಾವಿರದಲ್ಲಿ ಒಂದು ಪಾಲು. ಹುಣ್ಣಿಮೆಯ ಚಂದ್ರನ ಅಗಲವನ್ನು ಹದಿನೆಂಟು ಸಾವಿರ ಭಾಗ ಮಾಡಿದರೆ ಅದರಲ್ಲೊಂದು. 33 ಜ್ಯೋತಿರ್ವರ್ಷವೆಂದರೆ ಆಕಾಶದ ಲೆಕ್ಕದಲ್ಲಿ ಪಕ್ಕದ ಬೀದಿ.

ಇಷ್ಟು ಸೂಕ್ಷ್ಮವಾದುದನ್ನು ಬಿಡಿಸಿ ನೋಡಲು ದೊಡ್ಡ ಕನ್ನಡಿ ಬೇಕು. ಆದರೆ ಕನ್ನಡಿ ದೊಡ್ಡದಾದ ಮಾತ್ರಕ್ಕೆ ಗ್ರಹ ಕಾಣುವುದಿಲ್ಲ. ಅದು ಗ್ರಹದ ಬೆಳಕನ್ನು ಸಂಗ್ರಹಿಸಿದ ಹಾಗೆ ನಕ್ಷತ್ರದ ಬೆಳಕನ್ನೂ ಸಂಗ್ರಹಿಸುತ್ತದೆ. ನಾಲ್ಕು ನೂರು ವರ್ಷ ದೂರದರ್ಶಕ ಕಟ್ಟುವವರು ಹೆಚ್ಚು ಹೆಚ್ಚು ಬೆಳಕು ತುಂಬಿಕೊಳ್ಳುವುದನ್ನು ಕಲಿತರು. ಗ್ರಹದ ಫೋಟೊ ತೆಗೆಯುವವರು ಬಂದ ಬೆಳಕಿನಲ್ಲಿ ಬೇಡದ್ದನ್ನು ಆಚೆ ಹಾಕುವುದನ್ನು ಕಲಿಯಬೇಕಾಯಿತು.

ಗ್ರಹಣಕ್ಕೆ ಕಾಯದ ಲಿಯೊ

ಈ ವಿದ್ಯೆಯ ಮೂಲಪುರುಷ ಫ್ರಾನ್ಸಿನ ಬರ್ನಾರ್ ಲಿಯೊ. ಆತನಿಗೆ ಗ್ರಹಗಳ ಗೊಡವೆ ಇರಲಿಲ್ಲ. ಬೇಕಿದ್ದದ್ದು ಸೂರ್ಯನ ಕರೋನಾ, ಸೂರ್ಯನನ್ನು ಸುತ್ತಿಕೊಂಡಿರುವ ತೆಳುವಾದ ಪ್ರಭೆ. ಅದು ಕಾಣುತ್ತಿದ್ದದ್ದು ಪೂರ್ಣ ಸೂರ್ಯಗ್ರಹಣದ ಕೆಲವೇ ನಿಮಿಷಗಳಲ್ಲಿ. ಅದಕ್ಕಾಗಿ ವಿಜ್ಞಾನಿಗಳು ಹಡಗು ಹತ್ತಿ ಜಗತ್ತು ಸುತ್ತುತ್ತಿದ್ದರು. ಅಲ್ಲಿ ಮೋಡ ಕವಿದರೆ ಬರಿಗೈಯಲ್ಲಿ ವಾಪಸು.

ಚಂದ್ರನ ಕೆಲಸವನ್ನು ದೂರದರ್ಶಕದೊಳಗೇ ಮಾಡಿದರೆ? ಲಿಯೊಗಿಂತ ಮೊದಲೂ ಹಲವರು ಪ್ರಯತ್ನಿಸಿ ಸೋತಿದ್ದರು. ಸೂರ್ಯನ ಬಿಂಬ ಮೂಡುವ ಜಾಗದಲ್ಲಿ ಒಂದು ಸಣ್ಣ ತಟ್ಟೆ ಇಟ್ಟು ಮರೆಮಾಡುವುದು ಸುಲಭ. ಆದರೆ ಬೆಳಕು ಅಲೆ. ಮಸೂರದ ಅಂಚಿಗೆ ತಾಗಿದಾಗ ಅದು ಬಾಗಿ ಒಳಗೆ ಹರಡಿಕೊಳ್ಳುತ್ತದೆ. ಪಠ್ಯಪುಸ್ತಕದಲ್ಲಿ ವಿವರ್ತನೆ ಎಂದು ಓದಿದ್ದೇವಲ್ಲ, ಅದೇ. ತಟ್ಟೆಯ ಪಕ್ಕದಿಂದ ನುಸುಳಿದ ಈ ಪುಂಡ ಬೆಳಕು ಕರೋನಾವನ್ನು ಮುಳುಗಿಸಲು ಸಾಕು.

ಲಿಯೊ ಹಿಡಿದ ಸೂಕ್ಷ್ಮ ಇಲ್ಲಿದೆ. ಬಿಂಬವನ್ನು ಮರೆಮಾಡಿದ ಮೇಲೆ ಇನ್ನೊಂದು ಮಸೂರವಿಟ್ಟು ಮೊದಲ ಮಸೂರದ ಆಕೃತಿಯನ್ನೇ ಮತ್ತೆ ಮೂಡಿಸಿದರೆ, ಉಳಿದ ಪುಂಡ ಬೆಳಕೆಲ್ಲ ಅದರ ಅಂಚಿನಲ್ಲಿ ಒಂದು ಹೊಳೆಯುವ ಬಳೆಯಾಗಿ ಸೇರಿಕೊಳ್ಳುತ್ತದೆ. ಕರೋನಾದ ಬೆಳಕು ನಡುವೆಲ್ಲ ಹರಡಿರುತ್ತದೆ. ಅಲ್ಲಿ ತುಸು ಚಿಕ್ಕ ತೂತಿನ ಇನ್ನೊಂದು ತಟ್ಟೆ ಇಟ್ಟ. ಬಳೆ ಹೊರಗುಳಿಯಿತು, ನಡುವಿನದು ಒಳಗೆ ಬಂತು. ಗಾಜಿನಲ್ಲಿ ಗುಳ್ಳೆಯಿಲ್ಲದಂತೆ, ಮೇಲೆ ಗೀರಿಲ್ಲದಂತೆ ಉಜ್ಜಿಸಿ, ಇಡೀ ಸಲಕರಣೆಯನ್ನು ಪಿರನೀಸ್ ಪರ್ವತದ ಪಿಕ್ ದ್ಯು ಮಿದಿ ಶಿಖರಕ್ಕೆ ಒಯ್ದ. 1930ರ ಹೊತ್ತಿಗೆ ಗ್ರಹಣವಿಲ್ಲದ ಹಗಲಲ್ಲಿ ಕರೋನಾ ಕಂಡಿತು. ಉಪಕರಣಕ್ಕೆ ಕರೋನಾಗ್ರಾಫ್ ಎಂಬ ಹೆಸರು ನಿಂತಿತು.

ಗ್ರಹಣದ ಹಂಗು ತಪ್ಪಿಸಿದ ಈ ಲಿಯೊ 1952ರಲ್ಲಿ ತೀರಿಕೊಂಡದ್ದು ಸುಡಾನಿನಲ್ಲಿ ಸೂರ್ಯಗ್ರಹಣ ನೋಡಿ ಹಿಂತಿರುಗುವಾಗ, ಈಜಿಪ್ಟಿನ ರೈಲಿನಲ್ಲಿ.

ಕರೋನಾಗ್ರಾಫನ್ನು ನಕ್ಷತ್ರಗಳತ್ತ ತಿರುಗಿಸಿದವರು ಅಮೆರಿಕದ ಬ್ರಾಡ್‌ಫರ್ಡ್ ಸ್ಮಿತ್ ಮತ್ತು ರಿಚರ್ಡ್ ಟೆರೀಲ್. 1984ರಲ್ಲಿ ಬೀಟಾ ಪಿಕ್ಟೋರಿಸ್ ನಕ್ಷತ್ರವನ್ನು ಮರೆಮಾಡಿದಾಗ ಅದರ ಎರಡೂ ಬದಿಗೆ ಚಾಚಿದ ದೂಳಿನ ತಟ್ಟೆ ಕಂಡಿತು, ಗ್ರಹಗಳು ಹುಟ್ಟುವಂಥ ದೂಳು. ಅದರೊಳಗೆ ಗ್ರಹವೂ ಇದೆಯೆಂದು ಖಚಿತವಾಗಲು ಮತ್ತೆ 26 ವರ್ಷ ಬೇಕಾಯಿತು.

ಹೊಸಕೋಟೆಯ ನಂಟು

ಬೆಳಗಿನ ಜಾವದ ಬಿರಿಯಾನಿಗೆ ಹೆಸರಾದ ಹೊಸಕೋಟೆಯಲ್ಲಿ ಕರೋನಾಗ್ರಾಫ್ ಕೂಡ ತಯಾರಾಗಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೊದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ವಿಇಎಲ್‌ಸಿ ಅನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಜೋಡಿಸಿದ್ದು ಅಲ್ಲಿನ ಆವರಣದಲ್ಲಿ. ಅದು ಲಿಯೊನ ವಂಶದ್ದೇ, ಮಸೂರದ ಬದಲು ಕನ್ನಡಿಗಳಿವೆ. ಮುಚ್ಚುವ ತಟ್ಟೆಯ ಜಾಗದಲ್ಲಿ ಎರಡನೆಯ ಕನ್ನಡಿಯ ನಡುವೆ ಒಂದು ತೂತು. ಸೂರ್ಯಬಿಂಬದ ಬೆಳಕು ಆ ತೂತಿನಿಂದ ಹಿಂದಕ್ಕೆ ಹಾದು ಹೊರಗೆ ಹೋಗುತ್ತದೆ, ಸುತ್ತಲಿನ ಕರೋನಾ ಮಾತ್ರ ಕನ್ನಡಿಯಲ್ಲಿ ಪ್ರತಿಫಲಿಸಿ ಕ್ಯಾಮೆರಾಗಳತ್ತ ಬರುತ್ತದೆ.

ಸೂರ್ಯನ ಅಂಚಿನಲ್ಲಿ ಕರೋನಾ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂದ. ಭೂಮಿಯಂಥ ಗ್ರಹ ಹಿಡಿಯಲು ಅದಕ್ಕಿಂತ ಹತ್ತು ಸಾವಿರ ಪಟ್ಟು ಹೆಚ್ಚು ಕಟ್ಟುನಿಟ್ಟು ಬೇಕು.

ಗಾಳಿಯ ಕಾಟ

ಮಕ್ಕಳ ಹಾಡಿನಲ್ಲಿ ಮಿನುಗುವ ನಕ್ಷತ್ರ ಚೆಂದ. ಖಗೋಳ ವಿಜ್ಞಾನಿಗೆ ಮಿನುಗೇ ಶನಿ. ವಾತಾವರಣದ ಬಿಸಿ, ತಣ್ಣನೆ ಗಾಳಿಯ ಪದರಗಳು ಕಲಕಾಡಿ ಬೆಳಕಿನ ಅಲೆಯನ್ನು ಸುಕ್ಕುಗಟ್ಟಿಸುತ್ತವೆ. ಸುಕ್ಕಾದ ಬೆಳಕನ್ನು ಸಣ್ಣ ತಟ್ಟೆಯ ಹಿಂದೆ ಮರೆಮಾಡಲು ಬರುವುದಿಲ್ಲ.

ಇದಕ್ಕೆ ಮದ್ದು ಸೂಚಿಸಿದವರು ಅಮೆರಿಕದ ಹೊರೇಸ್ ಬ್ಯಾಬ್‌ಕಾಕ್, 1953ರಲ್ಲಿ. ಬೆಳಕು ಹೇಗೆ ಸುಕ್ಕಾಗಿದೆಯೆಂದು ಅಳೆದು, ಬಗ್ಗಬಲ್ಲ ಕನ್ನಡಿಯೊಂದನ್ನು ಸರಿಯಾಗಿ ತದ್ವಿರುದ್ಧ ಬಗ್ಗಿಸಿದರೆ ಅಲೆ ಮತ್ತೆ ಸಪಾಟಾಗಬೇಕು ಎಂಬುದು ಅವರ ಲೆಕ್ಕ. ಆಗ ಕಂಪ್ಯೂಟರುಗಳಿಗೆ ಆ ವೇಗವಿರಲಿಲ್ಲ. ಮುಂದೆ ಶತ್ರುದೇಶದ ಉಪಗ್ರಹಗಳನ್ನು ಸ್ಪಷ್ಟವಾಗಿ ನೋಡಬೇಕೆಂದು ಅಮೆರಿಕದ ಸೇನೆ ಇದಕ್ಕೆ ಹಣ ಸುರಿಯಿತು, 1991ರವರೆಗೂ ಬಹುಪಾಲು ಕೆಲಸ ಗುಟ್ಟಾಗಿಯೇ ಇತ್ತು.

ಈಗ ಚಿಲಿ ದೇಶದ ದೂರದರ್ಶಕಗಳಲ್ಲಿ ಇದು ದಿನನಿತ್ಯದ ಕೆಲಸ. ಅಲ್ಲಿನ ಜೆಮಿನಿ ದೂರದರ್ಶಕದಲ್ಲಿ 2013ರಲ್ಲಿ ಕೂರಿಸಿದ ಗ್ರಹಶೋಧಕದಲ್ಲಿ ಅಂಗೈಗಿಂತ ಚಿಕ್ಕ ಕನ್ನಡಿಯ ಬೆನ್ನಿಗೆ 4,096 ಸೂಕ್ಷ್ಮ ತಳ್ಳುಕಡ್ಡಿಗಳಿದ್ದವು. ಅದರ ಸ್ಪರ್ಧಿಯಾದ ಯುರೋಪಿನ ಸ್ಫಿಯರ್ ಉಪಕರಣದ ಕನ್ನಡಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತನ್ನ ಆಕಾರ ಬದಲಿಸುತ್ತದೆ.

ಹುಸಿಚುಕ್ಕೆಗಳ ಸಂತೆ

ಇಷ್ಟಾದರೂ ಮರೆಮಾಡಿದ ನಕ್ಷತ್ರದ ಸುತ್ತ ನೂರಾರು ಬೆಳಕಿನ ಚುಕ್ಕೆಗಳು ಉಳಿಯುತ್ತವೆ. ಕನ್ನಡಿಯ ಮೈಮೇಲಿನ ನ್ಯಾನೋಮೀಟರ್ ಲೆಕ್ಕದ ಏರುತಗ್ಗೂ ಒಂದೊಂದು ಹುಸಿಚುಕ್ಕೆ ಹುಟ್ಟಿಸುತ್ತದೆ. ಪ್ರತಿಯೊಂದೂ ನೋಡಲು ಥೇಟ್ ಗ್ರಹ. ಅವುಗಳ ನಡುವೆ ನಿಜವಾದ ಗ್ರಹ ಇದ್ದರೂ ಗುರುತಿಸುವುದು ಹೇಗೆ?

ಕೆನಡಾದ ಕ್ರಿಸ್ಟಿಯಾನ್ ಮರುವಾ 2006ರಲ್ಲಿ ವಿವರಿಸಿದ ಉಪಾಯ ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಇಷ್ಟವಾದದ್ದು, ಯಾಕೆಂದರೆ ಅದಕ್ಕೆ ಹೊಸ ಯಂತ್ರವೇ ಬೇಕಿಲ್ಲ. ದೊಡ್ಡ ದೂರದರ್ಶಕ ನಕ್ಷತ್ರವೊಂದನ್ನು ಹಿಂಬಾಲಿಸುವಾಗ, ಭೂಮಿ ತಿರುಗುವ ಕಾರಣ, ಕ್ಯಾಮೆರಾದಲ್ಲಿ ಆ ತುಣುಕು ಆಕಾಶ ನಿಧಾನವಾಗಿ ಗಿರಕಿ ಹೊಡೆಯುತ್ತದೆ. ಸಾಮಾನ್ಯವಾಗಿ ಅದನ್ನು ತಡೆಯಲು ಕ್ಯಾಮೆರಾವನ್ನೂ ತಿರುಗಿಸುತ್ತಾರೆ. ಮರುವಾ ಅದನ್ನು ನಿಲ್ಲಿಸಿಬಿಟ್ಟರು. ಹುಸಿಚುಕ್ಕೆಗಳು ಹುಟ್ಟುವುದು ಯಂತ್ರದೊಳಗೆ, ಹಾಗಾಗಿ ಅವು ಇದ್ದಲ್ಲೇ ಇರುತ್ತವೆ. ಗ್ರಹ ಇರುವುದು ಆಕಾಶದಲ್ಲಿ, ಹಾಗಾಗಿ ಅದು ನಕ್ಷತ್ರದ ಸುತ್ತ ಸರಿಯುತ್ತದೆ. ಗಂಟೆಗಟ್ಟಲೆ ಚಿತ್ರ ತೆಗೆದು, ಕದಲದೆ ಇರುವುದನ್ನೆಲ್ಲ ಕಳೆದು, ಉಳಿದ ಚಿತ್ರಗಳನ್ನು ತಿರುಗಿಸಿ ಒಂದರ ಮೇಲೊಂದು ಇಟ್ಟರೆ ಗ್ರಹ ಮಾತ್ರ ನಿಲ್ಲುತ್ತದೆ.

2008ರ ನವೆಂಬರಿನಲ್ಲಿ ಫಲ ಬಂತು. ಹವಾಯಿ ದ್ವೀಪದ ಕೆಕ್ ಮತ್ತು (ಚಿಲಿಯದರ ಅವಳಿಯಾದ) ಜೆಮಿನಿ ದೂರದರ್ಶಕಗಳಿಂದ ಮರುವಾ ಮತ್ತು ಸಂಗಡಿಗರು ಎಚ್‌ಆರ್ 8799 ಎಂಬ ನಕ್ಷತ್ರದ ಸುತ್ತ ಮೂರು ಗ್ರಹಗಳನ್ನು ತೋರಿಸಿದರು. 2010ರಲ್ಲಿ ನಾಲ್ಕನೆಯದು ಸೇರಿತು. ಇನ್ನೊಂದು ನಕ್ಷತ್ರದ ಗ್ರಹ ಕುಟುಂಬವೊಂದರ ಮೊದಲ ಚಿತ್ರ ಅದು. ಅದಕ್ಕೂ ಮೊದಲು 2004ರಲ್ಲಿ ಚಿಲಿಯಿಂದ ಒಂದು ಗ್ರಹದ ಚಿತ್ರ ಬಂದಿತ್ತು ನಿಜ. ಆದರೆ ಅದು ಸುತ್ತುತ್ತಿದ್ದದ್ದು ನಕ್ಷತ್ರವಾಗಲಾರದೆ ಹೋದ ಮಂಕು ಕಂದುಕುಬ್ಜವೊಂದನ್ನು. ಮರೆಮಾಡುವ ಕಷ್ಟ ಅಲ್ಲಿ ಕಡಿಮೆ.

ಆಮೇಲೆ ಹಬಲ್ ದೂರದರ್ಶಕ 1998ರಲ್ಲೇ ತೆಗೆದಿಟ್ಟಿದ್ದ ಎಚ್‌ಆರ್ 8799ರ ಚಿತ್ರಗಳನ್ನು ಹೊಸ ಲೆಕ್ಕದಿಂದ ಶೋಧಿಸಿ ನೋಡಿದಾಗ ಹೊರಗಿನ ಗ್ರಹ ಅಲ್ಲೇ ಇತ್ತು. ಹತ್ತು ವರ್ಷ ಕಡತದಲ್ಲಿ ಬಿದ್ದಿತ್ತು.

ಈ ನಕ್ಷತ್ರದ ವಿಳಾಸ ಪಂಚಾಂಗ ನೋಡುವವರಿಗೂ ಗೊತ್ತಿರುವಂಥದ್ದು. ಪೂರ್ವಾಭಾದ್ರೆಯ ಜೋಡಿ ನಕ್ಷತ್ರಗಳನ್ನು ಒಂದು ಗೆರೆ ಎಳೆದು ಸೇರಿಸಿ. ಗೆರೆಯ ನಡುಭಾಗದಲ್ಲಿ, ಒಂದು ಮಗ್ಗುಲಿಗೆ ಎಚ್‌ಆರ್ 8799. ಇನ್ನೊಂದು ಮಗ್ಗುಲಿಗೆ, ಸ್ವಲ್ಪ ಆಚೆ, ನೊಬೆಲ್ ತಂದುಕೊಟ್ಟ 51 ಪೆಗಸಿ. ಎರಡೂ ಬರಿಗಣ್ಣಿಗೆ ಕಂಡೂ ಕಾಣದಷ್ಟು ಮಂದ.

ನಾಮಕರಣವಾದ ದೂಳು

ಎಚ್‌ಆರ್ 8799ರ ಸುದ್ದಿ ಬಂದ ದಿನವೇ ಇನ್ನೊಂದು ಸುದ್ದಿಯೂ ಬಂದಿತ್ತು. 25 ಜ್ಯೋತಿರ್ವರ್ಷ ದೂರದ ಫೋಮಲ್‌ಹಾಟ್ ನಕ್ಷತ್ರದ ಸುತ್ತಲೂ ಗ್ರಹವೊಂದು ಹಬಲ್ ಕಣ್ಣಿಗೆ ಬಿದ್ದಿದೆ ಎಂದು. 2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದಕ್ಕೆ ಡಾಗೊನ್ ಎಂದು ಹೆಸರನ್ನೂ ಇಟ್ಟಿತು. ಆದರೆ ಆ ಚುಕ್ಕೆ ಅವಕೆಂಪಿನಲ್ಲಿ ಕಾಣುತ್ತಿರಲಿಲ್ಲ, ವರ್ಷದಿಂದ ವರ್ಷಕ್ಕೆ ಮಂಕಾಗುತ್ತ, ಅಗಲವಾಗುತ್ತ ಹೋಯಿತು. ಎರಡು ಹಿಮಕಾಯಗಳು ಡಿಕ್ಕಿ ಹೊಡೆದು ಎದ್ದ ದೂಳು ಅದಾಗಿರಬೇಕು ಎಂದು 2020ರಲ್ಲಿ ಅರಿಜೋನಾದ ವಿಜ್ಞಾನಿಗಳು ತೋರಿಸಿದರು. ಗ್ರಹ ಇರಲಿಲ್ಲ.

ಈಗಲೂ ಇಂಥ ಅನುಮಾನಗಳಿವೆ. ನಾಲ್ಕು ಜ್ಯೋತಿರ್ವರ್ಷ ಆಚೆಗಿನ ಆಲ್ಫಾ ಸೆಂಟಾರಿ ನಕ್ಷತ್ರದ ಪಕ್ಕದಲ್ಲಿ ಜೇಮ್ಸ್ ವೆಬ್ ದೂರದರ್ಶಕ 2024ರ ಆಗಸ್ಟಿನಲ್ಲಿ ಒಂದು ಚುಕ್ಕೆ ಕಂಡಿತು. 2025ರಲ್ಲಿ ಎರಡು ಸಲ ಹುಡುಕಿದಾಗ ಸಿಗಲಿಲ್ಲ. ಗ್ರಹ ನಕ್ಷತ್ರದ ತೀರಾ ಹತ್ತಿರಕ್ಕೆ ಸರಿದಿರಬಹುದು. ಇನ್ನೊಮ್ಮೆ ಕಾಣುವವರೆಗೆ ಅದನ್ನು ಗ್ರಹ ಎನ್ನದಿರುವುದೇ ಒಳ್ಳೆಯದು.

ಚುಕ್ಕೆಯೊಳಗೆ ಏನಿದೆ?

ಇಷ್ಟು ಪಾಡುಪಟ್ಟು ಸಿಗುವ ಒಂದು ಚುಕ್ಕೆಯಿಂದ ಏನು ಲಾಭ? ಗ್ರಹದ ಬೆಳಕು ಬೇರೆಯಾಗಿ ಸಿಕ್ಕರೆ ಅದನ್ನು ಬಣ್ಣಬಣ್ಣವಾಗಿ ಬಿಡಿಸಿ ರೋಹಿತ ನೋಡಬಹುದು. ನೀರಾವಿ, ಮೀಥೇನ್, ಇಂಗಾಲದ ಡೈಆಕ್ಸೈಡ್ ಎಲ್ಲವೂ ಅದರಲ್ಲಿ ತಮ್ಮ ತಮ್ಮ ಜಾಗದಲ್ಲಿ ಕತ್ತಲು ಬಿಟ್ಟು ಹೋಗಿರುತ್ತವೆ. 2025ರಲ್ಲಿ ವೆಬ್ ದೂರದರ್ಶಕ ಎಚ್‌ಆರ್ 8799ರ ಗ್ರಹಗಳಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದನ್ನು ಹೀಗೆಯೇ ಕಂಡಿತು.

ಒಂದು ಮಾತು ಮರೆಯಬಾರದು. ಇದುವರೆಗೆ ಫೋಟೊಕ್ಕೆ ಸಿಕ್ಕ ಗ್ರಹಗಳಲ್ಲಿ ಬಹುಪಾಲು ದೈತ್ಯರು ಮತ್ತು ಎಳೆಯರು. ಎಚ್‌ಆರ್ 8799ಕ್ಕೆ ಸುಮಾರು ಮೂರು ಕೋಟಿ ವರ್ಷ. ನಮ್ಮ ಸೂರ್ಯನಿಗೆ 460 ಕೋಟಿ. ಹುಟ್ಟಿದ ಕಾವು ಇನ್ನೂ ಆರದ ಈ ಗ್ರಹಗಳು ನೂರಾರು ಡಿಗ್ರಿ ಬಿಸಿಯಿಂದ ತಾವೇ ಬೆಳಗುತ್ತವೆ. ಗುರುಗ್ರಹಕ್ಕಿಂತ ಐದರಿಂದ ಹತ್ತು ಪಟ್ಟು ಭಾರ. ನಕ್ಷತ್ರದಿಂದ ಬಹಳ ದೂರ ಬೇರೆ. ಅವು ಸಿಕ್ಕಿದ್ದು ಸುಲಭದವು ಎಂಬ ಕಾರಣಕ್ಕೆ.

ಮೆಲ್ಲಗೆ ಕಷ್ಟದವೂ ಬರತೊಡಗಿವೆ. 2024ರಲ್ಲಿ ವೆಬ್ ಕೇವಲ 12 ಜ್ಯೋತಿರ್ವರ್ಷ ದೂರದ ಎಪ್ಸಿಲಾನ್ ಇಂಡಿ ನಕ್ಷತ್ರದ ಗ್ರಹವನ್ನು ಹಿಡಿಯಿತು. ಅದರ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್. ವೆಬ್‌ನಲ್ಲಿ ಬಳಕೆಯಾದ ಮರೆಯೂ ವಿಚಿತ್ರ. ಫ್ರಾನ್ಸಿನಲ್ಲಿ ರೂಪಿಸಿದ ಆ ಪಾರದರ್ಶಕ ಬಿಲ್ಲೆಯನ್ನು ನಾಲ್ಕು ಚೌಕವಾಗಿ ಭಾಗಿಸಿದೆ, ಎದುರುಬದುರಿನ ಎರಡು ಚೌಕ ಬೆಳಕನ್ನು ಅರ್ಧ ಅಲೆಯಷ್ಟು ತಡಮಾಡುತ್ತವೆ. ಸರಿಯಾಗಿ ನಡುವೆ ಬಿದ್ದ ನಕ್ಷತ್ರದ ಬೆಳಕಿನಲ್ಲಿ ಒಂದು ಪಾಲಿನ ಉಬ್ಬು ಇನ್ನೊಂದು ಪಾಲಿನ ತಗ್ಗಿಗೆ ಸೇರಿ ತಂತಾನೇ ಅಳಿದುಹೋಗುತ್ತದೆ. ಬದಿಗೆ ಬಿದ್ದ ಗ್ರಹ ಒಂದೇ ಚೌಕದಲ್ಲಿ ಹಾದುಹೋಗಿ ಉಳಿದುಕೊಳ್ಳುತ್ತದೆ. 2025ರಲ್ಲಿ ಇಂಥದೇ ಫ್ರೆಂಚ್ ಕರೋನಾಗ್ರಾಫಿನಿಂದ ಟಿಡಬ್ಲ್ಯುಎ 7 ಎಂಬ ನಕ್ಷತ್ರದ ಬಳಿ ಶನಿಗ್ರಹದಷ್ಟು ತೂಕದ್ದೊಂದು ಕಂಡಿತು. ಫೋಟೊದಲ್ಲಿ ಸಿಕ್ಕವುಗಳಲ್ಲೆಲ್ಲ ಅದೇ ಹಗುರ.

ಬಾಹ್ಯಾಕಾಶದಲ್ಲಿ ಹೂವಿನ ಕೊಡೆ

ಮರೆಯನ್ನು ದೂರದರ್ಶಕದ ಒಳಗೆ ಇಡುವ ಬದಲು ಸಾವಿರಾರು ಕಿಲೋಮೀಟರ್ ಮುಂದೆ, ಬಾಹ್ಯಾಕಾಶದಲ್ಲಿ ತೇಲಿಬಿಟ್ಟರೆ ನಕ್ಷತ್ರದ ಬೆಳಕು ಕನ್ನಡಿಗೆ ತಾಗುವುದೇ ಇಲ್ಲ. 1962ರಲ್ಲೇ ಅಮೆರಿಕದ ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್ ಇದನ್ನು ಯೋಚಿಸಿದ್ದರು. ಅಡ್ಡಿಯಾದದ್ದು ಒಂದು ಹಳೆಯ ಜಗಳ. 1818ರಲ್ಲಿ ಫ್ರೆಂಚ್ ವಿಜ್ಞಾನಿ ಫ್ರೆನೆಲ್ ಸ್ಪರ್ಧೆಯೊಂದರಲ್ಲಿ ಬೆಳಕು ಅಲೆ ಎಂದು ವಾದಿಸಿದಾಗ, ತೀರ್ಪುಗಾರರಲ್ಲೊಬ್ಬರಾದ ಪ್ವಾಸಾನ್ ನಕ್ಕರು: ನಿಮ್ಮ ಮಾತು ನಿಜವಾದರೆ ದುಂಡು ತಟ್ಟೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಇರಬೇಕಾಗುತ್ತದಲ್ಲ! ಇನ್ನೊಬ್ಬ ತೀರ್ಪುಗಾರ ಅರಾಗೊ ಪ್ರಯೋಗ ಮಾಡಿ ನೋಡಿದರು. ಚುಕ್ಕೆ ಇತ್ತು.

ದುಂಡು ಕೊಡೆ ಹಿಡಿದರೆ ದೂರದರ್ಶಕ ಆ ಚುಕ್ಕೆಯಲ್ಲೇ ಕೂತಿರುತ್ತದೆ. ಅಂಚನ್ನು ಚೂಪು ಎಸಳುಗಳಾಗಿ ಕತ್ತರಿಸಿದರೆ ಚುಕ್ಕೆ ಮಾಯ. ಸೂರ್ಯಕಾಂತಿಯನ್ನು ಹೋಲುವ ಮಡಚುವ ಮಾದರಿಗಳನ್ನು ನಾಸಾ ಪ್ರಯೋಗಶಾಲೆಯಲ್ಲಿ ಬಿಚ್ಚಿ ನೋಡಿದೆ. ಹತ್ತಾರು ಸಾವಿರ ಕಿಲೋಮೀಟರ್ ಆಚೆಯಿದ್ದೂ ದೂರದರ್ಶಕದ ನೇರಕ್ಕೆ ಒಂದು ಮೀಟರಿನಷ್ಟೂ ಆಚೀಚೆ ಆಗದಂತೆ ಅದನ್ನು ನಿಲ್ಲಿಸಬೇಕು. ಒಂದು ನಕ್ಷತ್ರ ಮುಗಿಸಿ ಇನ್ನೊಂದಕ್ಕೆ ತಿರುಗಲು ದಿನಗಟ್ಟಲೆ ಪಯಣ. ಸದ್ಯಕ್ಕೆ ಹಾರುವ ಯೋಜನೆ ಯಾವುದೂ ಇಲ್ಲ.

ಮುಂದಿನ ಸರದಿ

ಹತ್ತಿರದ ಹೆಜ್ಜೆ ನಾಸಾದ ನ್ಯಾನ್ಸಿ ಗ್ರೇಸ್ ರೋಮನ್ ದೂರದರ್ಶಕ. 2027ರ ಮೇ ಒಳಗೆ ಹಾರಿಸುವ ಗುರಿ. ಅದರ ಕರೋನಾಗ್ರಾಫಿನಲ್ಲಿ ಬಗ್ಗುವ ಕನ್ನಡಿಗಳು ಎರಡು, ಒಂದೊಂದಕ್ಕೂ ಎರಡು ಸಾವಿರಕ್ಕೂ ಹೆಚ್ಚು ತಳ್ಳುಕಡ್ಡಿಗಳು. ಗಾಳಿಯಿಲ್ಲದ ಜಾಗದಲ್ಲಿ ಬಗ್ಗುವ ಕನ್ನಡಿ ಯಾಕೆ? ಯಂತ್ರದ ತನ್ನದೇ ದೋಷಗಳಿಂದ ಹುಟ್ಟುವ ಹುಸಿಚುಕ್ಕೆಗಳನ್ನು ಅಳಿಸಲು. ವಯಸ್ಸಾದ, ತಣ್ಣಗಾದ ಗುರುವಿನಂಥ ಗ್ರಹವೊಂದು ಪ್ರತಿಫಲಿತ ಬೆಳಕಿನಲ್ಲಿ ಕಂಡರೆ ಅದು ಗೆದ್ದಂತೆ.

ನೆಲದ ಮೇಲೆ ಯುರೋಪಿನವರು ಚಿಲಿಯಲ್ಲಿ 39 ಮೀಟರ್ ಕನ್ನಡಿಯ ದೂರದರ್ಶಕ ಕಟ್ಟುತ್ತಿದ್ದಾರೆ. ಭಾರತವೂ ಪಾಲುದಾರನಾದ 30 ಮೀಟರಿನ ಟಿಎಂಟಿ ದೂರದರ್ಶಕಕ್ಕೆ ಕನ್ನಡಿ ತುಣುಕುಗಳನ್ನು ಹೊಳಪುಗೊಳಿಸುವ ಘಟಕ ಹೊಸಕೋಟೆಯಲ್ಲೇ ಇದೆ. ಆದರೆ ಹವಾಯಿಯ ಮೂಲನಿವಾಸಿಗಳಿಗೆ ಪವಿತ್ರವಾದ ಪರ್ವತದ ಮೇಲೆ ಅದನ್ನು ಕಟ್ಟುವ ವಿವಾದ ವರ್ಷಗಳಿಂದ ಬಗೆಹರಿದಿಲ್ಲ.

ಭೂಮಿಯಂಥ ಗ್ರಹದ ಫೋಟೊಕ್ಕೆಂದೇ ನಾಸಾ ಯೋಜಿಸಿರುವುದು ಹ್ಯಾಬಿಟಬಲ್ ವರ್ಲ್ಡ್ಸ್ ಅಬ್ಸರ್ವೇಟರಿ. ಸುಮಾರು 25 ವಾಸಯೋಗ್ಯ ಗ್ರಹಗಳನ್ನು ಪರಿಶೀಲಿಸುವ ಆಸೆ. ಸಾವಿರ ಕೋಟಿಯ ಲೆಕ್ಕ ಸಾಧಿಸಲು ಅದರ ಕನ್ನಡಿಗಳು ಒಂದು ಪರಮಾಣುವಿನ ಅಗಲದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಅಲುಗಬಾರದು. 2040ರ ದಶಕಕ್ಕೆ ಮೊದಲು ಅದು ಹಾರುವುದು ಅನುಮಾನ. ಅಲ್ಲಿಯವರೆಗೆ ಇನ್ನೊಂದು ಭೂಮಿಯ ಫೋಟೊ ಎಂದು ಯಾರಾದರೂ ವಾಟ್ಸ್ಯಾಪಿನಲ್ಲಿ ಕಳಿಸಿದರೆ ನಂಬಬೇಡಿ.

ನಿಜವಾದದ್ದನ್ನು ನೋಡಬೇಕೆಂದಿದ್ದರೆ ಎಚ್‌ಆರ್ 8799ರ ವಿಡಿಯೊ ಅಂತರ್ಜಾಲದಲ್ಲಿ ಹುಡುಕಿ. ಕೆಕ್ ದೂರದರ್ಶಕ ಏಳು ವರ್ಷಗಳಲ್ಲಿ ತೆಗೆದ ಚಿತ್ರಗಳನ್ನು ಜೋಡಿಸಿ ಜೇಸನ್ ವಾಂಗ್ ಎಂಬ ಖಗೋಳ ವಿಜ್ಞಾನಿ 2017ರಲ್ಲಿ ಮಾಡಿದ್ದು. ಕೆಲವೇ ಸೆಕೆಂಡು ಓಡುತ್ತದೆ. ನಡುವಿನ ಕಪ್ಪು ಜಾಗದಲ್ಲಿ ನಕ್ಷತ್ರವನ್ನು ಅಳಿಸಿದ್ದಾರೆ. ಸುತ್ತ ನಾಲ್ಕು ಚುಕ್ಕೆಗಳು ಸರಿಯುತ್ತವೆ, ಒಳಗಿನದು ಬೇಗ, ಹೊರಗಿನದು ನಿಧಾನ. ಒಳಗಿನದಕ್ಕೆ ಒಂದು ಸುತ್ತು ಮುಗಿಸಲು ಸುಮಾರು 45 ವರ್ಷ, ಹೊರಗಿನದಕ್ಕೆ ನಾನೂರಕ್ಕೂ ಹೆಚ್ಚು.